ತಪ್ಪದೇ ಬರ್ರಿ

ಗ್ಯಾಸಿನ ಮಾನಪ್ಪನ ನಂಬರಿಂದ ಬಂದಿತ್ತು.
ಮದುವಿ ಐತಿ, ಪತ್ರಿಕೆ ಕೆಳಗೈತಿ,
ಸಹಕುಟುಂಬ ತಪ್ಪದೇ ಬರ್ರಿ, ಅಂತ.
ಅದರ ಬುಡಕ ಒಂದು ನೀಲಿ ಗೆರಿ.

ಮಾನಪ್ಪಗ ಮಗಳಿಲ್ಲ. ಇರೂ ಒಬ್ಬ ಮಗ ಇನ್ನಾ ಐದನೇತ್ತಾ.
ಇದು ಆಮ್ಯಾಲ ಹೊಳೀತು.
ಯಾರ ಮದುವಿ ಅಂತ ಕೇಳಿ ಕದಾ ತಗಿಯೂ ಪದ್ಧತಿ
ನಮ್ಮ ಗುಳೇದಗುಡ್ಡದಾಗ ಇಲ್ಲ.
ಅಕ್ಕಿಕಾಳು ಕೊಡಾಕ ಬಂದಾರಂದ್ರ ಒಳಗ ಕರೀತೀವಿ,
ಚಾಕ್ಕ ಇಟ್ಟು ಆಮ್ಯಾಲ ಕೇಳತೀವಿ.

ದಿನಾ ಇನ್ನೂರು ಖಣಾ ಮಡಚೂ ಹೆಬ್ಬಟ್ಟು ಇದು.
ಅಂಚಿಗೆ ಅಂಚು ಕೂಡಿಸಿ, ಮೂಲಿ ತಿರುವಿ
ಒತ್ತಿದ್ರ ಮುಗೀತು, ಮುಂದಿಂದು.
ಹಂಗ ಒತ್ತಿದೆ.

ಅವ್ವ ಸಾಯೂತನಾ ಹೆಬ್ಬಟ್ಟಿನಾಕಿ.
ಮಸಿ ಹಚ್ಚಿಸಿಕೊಂಡು ಬಟ್ಟು ಮ್ಯಾಗ ಹಿಡಕೊಂಡ ಕೇಳತಿದ್ಲು,
"ಇದರಾಗ ಏನ ಬರದೈತ್ಯೋ ತಮ್ಮಾ, ಓದಿ ಹೇಳು."
ನನಗ ಓದಾಕ ಬರತೈತಿ.
ಯಾರನ್ನೂ ಕೇಳಲಿಲ್ಲ.

ಏನೂ ತೆರೀಲಿಲ್ಲ.
ಒಂದು ಬಿಳೀ ಚಕ್ರ ತಿರಿಗಿತು, ಆಮ್ಯಾಲ ಅದೂ ಇಲ್ಲ.
ಕದಾ ತಗದ್ರ ಓಣಿ ಖಾಲಿ ಇದ್ದಂಗ,
ಯಾರೋ ನನ್ನ ಬಗಲಾಗಿಂದ ಒಳಗ ಹೋದಂಗ.

ರಾತ್ರಿ ಅದನ್ನ ಮುಂದಿಟಕೊಂಡು ಕುಂತೆ.
ಬಿಸಿ ಅದಕ್ಕಿತ್ತೋ, ನನ್ನ ಕೈಗಿತ್ತೋ.
ಒಮ್ಮೆ ತಾನ ಬೆಳಗಿ ತಾನ ಆರಿತು.
ಹಣಿಮ್ಯಾಗಿನ ಟಿಕಳಿ ಕಿತ್ತು ಅದರ ಕಣ್ಣಿಗೆ ಹಚ್ಚಿದೆ,
ಹಿಂದಿನ ಮೂರು ಕಣ್ಣಿಗೆ ಇನ್ನ ಮೂರು.
ಜ್ವಾಳದ ಡಬ್ಬಿಯೊಳಗ ಹುಗದೆ. ಮತ್ತ ತಗದೆ.
ಹನ್ನೆರಡ ಮಂದಿ ಭಿಶಿ ರೊಕ್ಕ ಅದರಾಗೈತಿ,
ಈ ತಿಂಗಳದ್ದು ಪಾರಕ್ಕನ ಸೊಸಿ ಬಾಣಂತನಕ್ಕ.

ಬೆಳಿಗ್ಗಿ ಆರಕ್ಕ ಫೋನು.
"ಕಸ್ತೂರಿ, ಕಳ್ಳಿ! ಒಂದ ಮಾತ ಹೇಳಬಾರದಿತ್ತಾ?
ವರಾ ಯಾವೂರಾಂವ?"

ಆಗ ತಿಳೀತು.
ಟಿಕಳಿ ಹಚ್ಚಿ ನಾ ಕಾಯಕೋತ ಕುಂತಾಗ
ಅದು ಹೊರಗ ಹೋಗಿ
ಮುನ್ನೂರಾ ಹದಿನಾಲ್ಕು ಮನಿ ಕರದು ಬಂದೈತಿ,
ನನ್ನ ಹೆಸರಿಲೆ,
ನಲವತ್ತಮೂರು ವರ್ಷ ನಾ ಯಾರಿಗೂ ಕಳಸದ ಓಲಿ.

ಬಾದಾಮಿ ಅತ್ತಿ ಫೋನಿನ್ಯಾಗ ಅತ್ತಬಿಟ್ಲು.
ಮಾಲಕರು, "ಸೂಜಿಮಲ್ಲಿಗಿ ಖಣಾ ಎಷ್ಟ ಬೇಕು ಹೇಳು,
ರೊಕ್ಕ ಹಿಡ್ಯೂದಿಲ್ಲ."
ವಿಮಾದಾಂವ ಭಾಳ ಖುಷಿ ಆತ್ರೀ ಅಂದ,
ವಾರಸದಾರರ ಹೆಸರು ಇನ್ನ ಬದ್ಲಿ ಮಾಡಬೇಕ್ರಿ ಅಂದ.
ಎಲ್ಲಾರಿಗೂ ಅದ ಮಾತು:
ತೆರೀಬ್ಯಾಡ್ರಿ. ಒತ್ತಬ್ಯಾಡ್ರಿ. ಸುಳ್ಳದು. ಮದುವಿ ಇಲ್ಲ.
ಹೊತ್ತ ನೆತ್ತಿಗೆ ಬರೂದ್ರಾಗ
ಕಳ್ಳ ಮರತ್ಹೋಗಿದ್ದ.
ಬಾಯಾಗ ಎರಡ ಶಬ್ದ ಅಷ್ಟ ಉಳದಿದ್ದವು,
ಮದುವಿ ಇಲ್ಲ, ಮದುವಿ ಇಲ್ಲ.

ಬಸ್ ಸ್ಟ್ಯಾಂಡಿನ ತೌಸೀಫ
ಸಿಮ್ಮು ತಗದು ನನ್ನ ಅಂಗೈಮ್ಯಾಗಿಟ್ಟ.
ಅಕ್ಕಿಕಾಳಿಗಿಂತ ಒಂದೀಟ ದೊಡ್ಡದು.
"ರೊಕ್ಕ ಹೋಗಿಲ್ರೀ ಅಕ್ಕಾ, ಖಾತೆ ತಡಸೀವಿ.
ಆದ್ರ ಇದರಾಗಿಂದೆಲ್ಲಾ ಅಳಸಬೇಕು.
ಫೋಟೋ, ನಂಬರು, ಬಂದ ಮೆಸೇಜು. ಅಳಸ್ಲಿ?"

ತಡಿ, ಅಂದೆ.

ಎಲ್ಲಾರಕಿಂತ ಮೊದಲ, ನಸಿಕಿನ್ಯಾಗ ಐದೂ ಹತ್ತಕ್ಕ
ಒಂದು ಉತ್ತರಾ ಬಂದಿತ್ತು,
ಕಮತಗಿ ಸಂಗನಬಸೂಂದು.
ಬಣ್ಣದ ಭಟ್ಟಿಯೊಳಗ ಲಡಿ ಅದ್ದತಿದ್ದ,
ಮೊಣಕೈ ತನಾ ನೀಲಿ.
ಒಮ್ಮೆ ನೀರಿನ ಚರಿಗಿ ಇಸಗೊಂಡಾಗ
ಐದೂ ಬಟ್ಟು ಅದರಮ್ಯಾಗ ಮೂಡಿದ್ದವು.
ನಾ ಅದನ್ನ ಎರಡ ದಿನ ತಿಕ್ಕಲಿಲ್ಲ.
ಅವನ ಕಡೆ ಇರೂದು ಬಟನ್ ಫೋನು.
ಆ ಗೆರಿ ಅದರಾಗ ಒತ್ತಾಕ ಬರಂಗಿಲ್ಲ,
ಓದಾಕಷ್ಟ ಬರತೈತಿ.
ಓದ್ಯಾನ. ಬರದಾನ:
"ಬರತೀನಿ. ಎಂದೈತಿ?"

ಎಲ್ಲಾರಿಗೂ ಹೇಳೀನಿ ಸುಳ್ಳಂತ.
ಅವಂಗೊಬ್ಬಂಗ ಇನ್ನಾ ಹೇಳಿಲ್ಲ.

ತೌಸೀಫ, ಒಂದ ಹಾಳಿ ಕೊಡೋ. ಪೆನ್ನ ಕೊಡು.
ಹತ್ತ ಅಂಕಿ ಅವ, ಬರಕೋತೀನಿ.

ಹಾಂ. ಈಗ ಅಳಸು.